ಊರಿನ ಹೆಸರು

ಮುಂಬಯಿಯಿಂದ ದಕ್ಷಿಣಕ್ಕೆ ಬರುವ ರೈಲುಮಾರ್ಗವು ಕಲಬುರಗಿಯನ್ನು ದಾಟಿದ ಮೇಲೆ ಶಹಾಬಾದಿನ ಮೂಲಕ ವಾಡಿಯನ್ನು ಸೇರುತ್ತದೆ. ವಾಡಿಯಲ್ಲಿ ಮಾರ್ಗವು ಕವಲೊಡೆಯುತ್ತದೆ. ಒಂದು ಕವಲು ಯಾದಗಿರಿ, ರಾಯಚೂರುಗಳ ಕಡೆಗೆ ಸಾಗುತ್ತದೆ. ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದು, ತಾಂಡೂರನ್ನು ದಾಟಿ ಸಿಕಂದರಾಬಾದನ್ನು ಮುಟ್ಟುತ್ತದೆ. ಈ ಎರಡನೆಯ ಮಾರ್ಗವು ೧೮೭೪ರಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ ತೆರೆದುದು. ರೈಲುಮಾರ್ಗವಿಲ್ಲದ ಚಿಂಚೋಳಿಯ ಜನರು ಬಸ್ಸಿನಲ್ಲಿ ಬಂದು ಇದೇ ಮಾರ್ಗವನ್ನು ಹಿಡಿಯುತ್ತಾರೆ. ಶಾಲೆ ಕಾಲೇಜುಗಳು ತೆರೆಯುವ ದಿನಗಳಲ್ಲಿ ವಾಡಿಯ ನಿಲ್ದಾಣದಲ್ಲಿ ಪೆಟ್ಟಿಗೆ, ಹಾಸಿಗೆಯ ಸುರುಳಿ, ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟುಗಳೊಡನೆ ಕುಳಿತ ಹದಿಹರೆಯದ ಹುಡುಗರನ್ನು ಕಾಣಬಹುದು. ಅವರು ಓದಿಗೆಂದು ದೂರದ ಊರುಗಳಿಗೆ ಹೊರಟವರು.

ಅವರಲ್ಲಿ ಸೇಡಂ ತಾಲ್ಲೂಕಿನ ಹದಿನಾರು ವರ್ಷದ ಒಬ್ಬ ಹುಡುಗನಿದ್ದಾನೆಂದು ಭಾವಿಸಬಹುದು. ತನ್ನೂರಿನ ಶಾಲೆಯಲ್ಲಿ ಅವನು ಮೊದಲಿಗನಾಗಿದ್ದವನು. ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿ ಮೊದಲನೆಯ ದಿನ ಸಹಪಾಠಿಗಳು, "ನಿನ್ನದು ಯಾವ ಊರು?" ಎಂದು ಕೇಳುತ್ತಾರೆ. "ನಮ್ಮ ಸಾಲಿ ಸೇಡಮಿನ್ಯಾಗ ಇತ್ರಿ" ಎಂದು ಅವನು ಉತ್ತರಿಸುತ್ತಾನೆ. ಯಾರೋ ಒಬ್ಬನು 'ಸಾಲಿ' ಎಂಬ ಮಾತನ್ನು ಹಿಡಿದು ನಗುತ್ತಾನೆ, ಉಳಿದವರೂ ನಗುತ್ತಾರೆ. ಆ ನಗೆಯಲ್ಲಿ ದ್ವೇಷವೇನೂ ಇರಲಿಕ್ಕಿಲ್ಲ. ಆದರೂ ಮರುದಿನದಿಂದ ಅವನು 'ಶಾಲೆ' ಎನ್ನಲು ಕಲಿಯುತ್ತಾನೆ. 'ಹ್ಯಾಂಗ' ಎಂಬುದನ್ನು ನುಂಗಿಕೊಂಡು 'ಹೇಗೆ' ಎನ್ನುತ್ತಾನೆ. ಊರು ಯಾವುದೆಂದು ಕೇಳಿದರೆ, "ಕಲಬುರಗಿಯ ಕಡೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾನೆ. ತಂದೆ ನೋಡಲು ಬಂದಾಗ ಅವರು ತನ್ನ ಗೆಳೆಯರ ಮುಂದೆ ಹೆಚ್ಚು ಮಾತನಾಡದಿದ್ದರೆ ಸಾಕೆಂದು ಅವನಿಗೆ ಅನಿಸುತ್ತದೆ. ಹಾಗೆ ಅನಿಸಿತಲ್ಲಾ ಎಂದು ರಾತ್ರಿ ಹಾಸಿಗೆಯಲ್ಲಿ ಮಲಗಿ ಸಂಕಟಪಡುತ್ತಾನೆ.

ಈ ಸಂಕಟ ಚಿಕ್ಕದಲ್ಲ. ಶಿಷ್ಟಭಾಷೆಯನ್ನು ಕಲಿಯುವುದು ತಪ್ಪಲ್ಲ, ಕಲಿಯಲೇಬೇಕು. ಆದರೆ ಒಂದು ಮಾತನ್ನು ಹೊಸದಾಗಿ ಕಲಿಯುವುದು ಬೇರೆ, ತಾಯಿಯ ಬಾಯಿಂದ ಬಂದ ಮಾತಿಗೆ ನಾಚುವುದು ಬೇರೆ. ನಾಚಿಕೆಯು ಮಾತಿನಿಂದ ಆರಂಭವಾಗಿ ತಂದೆಗೆ, ಮನೆಗೆ, ಊರಿಗೆ ಹರಡಿ, ಕೊನೆಗೆ ಹುಡುಗನು ತನಗೆ ತಾನೇ ಕೊಟ್ಟುಕೊಳ್ಳುವ ಬೆಲೆಯನ್ನು ಕುಗ್ಗಿಸುತ್ತದೆ.

ಹದಿಹರೆಯದಲ್ಲಿಯೇ ಇದು ಇಷ್ಟು ತೀವ್ರವಾಗಿ ಕಾಡುವುದಕ್ಕೆ ಕಾರಣವುಂಟು. ಚಿಕ್ಕ ಮಗುವಿಗೆ ತಾನು ಯಾರೆಂಬ ಪ್ರಶ್ನೆ ಹುಟ್ಟುವುದಿಲ್ಲ; ಅದು ಅಮ್ಮನ ಮಗು, ಅಷ್ಟೇ. ಹದಿಮೂರು ಹದಿನಾಲ್ಕರ ವಯಸ್ಸಿಗೆ ಬರುತ್ತಲೇ ಆ ಪ್ರಶ್ನೆ ತಲೆಯೆತ್ತುತ್ತದೆ. ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿಯು ತಾರುಣ್ಯದ ಮುಖ್ಯ ಕೆಲಸವೇ ತನ್ನ ಗುರುತನ್ನು ತಾನು ಕಂಡುಕೊಳ್ಳುವುದು ಎಂದು ಪ್ರತಿಪಾದಿಸಿದನು. ತನ್ನ ಜನಕ ತಂದೆಯನ್ನು ಎಂದೂ ಕಾಣದೆ, ಮಲತಂದೆಯ ಮನೆತನದ ಹೆಸರಿನಲ್ಲಿ ಬೆಳೆದು, ಅಮೆರಿಕಕ್ಕೆ ಹೋದ ಮೇಲೆ ತನಗೊಂದು ಹೊಸ ಹೆಸರನ್ನು ತಾನೇ ಇಟ್ಟುಕೊಂಡವನು ಅವನು. ಆದ್ದರಿಂದ ಆ ಪ್ರಶ್ನೆಯ ಕಷ್ಟ ಅವನಿಗೆ ಪುಸ್ತಕದಿಂದ ಮಾತ್ರ ತಿಳಿದುದಾಗಿರಲಿಲ್ಲ.

ತಾನು ಯಾರೆಂಬ ಪ್ರಶ್ನೆಗೆ ಮನುಷ್ಯನು ಒಂಟಿಯಾಗಿ ಉತ್ತರ ಕಂಡುಕೊಳ್ಳಲಾರನು. ನನ್ನ ಊರು, ನನ್ನ ಭಾಷೆ, ನನ್ನ ಜನ, ನನ್ನ ದೇಶ ಎಂದು ಅವನು ಹೇಳುತ್ತಾನೆ. ಅವುಗಳಿಗೆ ಲೋಕದಲ್ಲಿ ಮರ್ಯಾದೆಯಿದ್ದರೆ ಅವನೂ ತಲೆಯೆತ್ತಿ ನಡೆಯುತ್ತಾನೆ, ಇಲ್ಲವೆನಿಸಿದರೆ ಕುಗ್ಗುತ್ತಾನೆ. ಇಲ್ಲಿಯವರೆಗೆ ವಿಷಯ ಸರಳವಾಗಿದೆ. ಆದರೆ ಇಲ್ಲೊಂದು ಅಪಾಯ ಅಡಗಿರುವುದನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆದ ಒಂದು ಪ್ರಯೋಗ ತೋರಿಸಿಕೊಟ್ಟಿತು.

ಆ ಪ್ರಯೋಗವನ್ನು ನಡೆಸಿದ ಹೆನ್ರಿ ತಾಜ್‌ಫೆಲ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯ ಸೈನಿಕನಾಗಿ ಜರ್ಮನರ ಕೈಗೆ ಸೆರೆಸಿಕ್ಕವನು. ಬಿಡುಗಡೆಯಾಗಿ ಬಂದು ನೋಡಿದರೆ ಅವನ ಮನೆಯವರು ಯಾರೂ ಬದುಕುಳಿದಿರಲಿಲ್ಲ. ಒಂದು ಜನಾಂಗವು ಇನ್ನೊಂದು ಜನಾಂಗವನ್ನು ಹೀಗೆ ದ್ವೇಷಿಸುವುದಕ್ಕೆ ಮೂಲವೇನು ಎಂಬ ಪ್ರಶ್ನೆಯನ್ನು ಅವನು ಜೀವನವಿಡೀ ಬೆನ್ನುಹತ್ತಿದನು. ೧೯೭೦ರಲ್ಲಿ ಅವನು ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರು ಹದಿನಾಲ್ಕು ಹದಿನೈದು ವರ್ಷದ ಶಾಲಾಬಾಲಕರು. ಅವರಿಗೆ ಇಬ್ಬರು ಚಿತ್ರಕಾರರ ಚಿತ್ರಗಳನ್ನು ತೋರಿಸಿ ಯಾವುವು ಇಷ್ಟವೆಂದು ಕೇಳಲಾಯಿತು. ಬಳಿಕ, 'ನೀನು ಈ ಚಿತ್ರಕಾರನನ್ನು ಮೆಚ್ಚಿದ ಗುಂಪಿಗೆ ಸೇರಿದವನು' ಎಂದು ಪ್ರತಿಯೊಬ್ಬನಿಗೂ ತಿಳಿಸಲಾಯಿತು. ನಿಜವಾಗಿ ಈ ಗುಂಪುಗಳನ್ನು ಮಾಡಿದ್ದು ಚೀಟಿ ಎತ್ತಿದಂತೆ, ಮನಸ್ಸಿಗೆ ಬಂದಹಾಗೆ. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆಂಬುದು ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಆಮೇಲೆ, ಹೆಸರಿಲ್ಲದೆ ಸಂಖ್ಯೆಯಿಂದಷ್ಟೇ ಗುರುತಿಸಿದ ಬಾಲಕರಿಗೆ ಹಣ ಹಂಚುವ ಕೆಲಸವನ್ನು ಪ್ರತಿಯೊಬ್ಬನಿಗೂ ಕೊಟ್ಟರು. ಹಂಚುವವನಿಗೆ ಅದರಿಂದ ಒಂದು ಕಾಸಿನ ಲಾಭವೂ ಇರಲಿಲ್ಲ.

ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ಅದನ್ನು ಯಾರಾದರೂ ಊಹಿಸಬಹುದಾಗಿತ್ತು. ಬೆರಗಿನ ಸಂಗತಿ ಬೇರೆಯಿತ್ತು. ಇಬ್ಬರಿಗೂ ಹೆಚ್ಚು ದೊರೆಯುವಂತೆ ಹಂಚುವ ದಾರಿ ಒಂದಿದ್ದಿತು. ತಮ್ಮವನಿಗೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವನಿಗೆ ಅದಕ್ಕಿಂತ ಬಹಳ ಕಡಿಮೆಯಾಗಬೇಕು ಎನ್ನುವ ದಾರಿ ಇನ್ನೊಂದಿದ್ದಿತು. ಬಾಲಕರು ಎರಡನೆಯ ದಾರಿಯ ಕಡೆಗೆ ವಾಲಿದರು. ತಮ್ಮವರು ಪಡೆಯುವುದಕ್ಕಿಂತ, ಇತರರಿಗಿಂತ ಮೇಲಿರುವುದು ಅವರಿಗೆ ಪ್ರಿಯವಾಯಿತು! ಯಾವ ಹಳೆಯ ವೈರವೂ ಇಲ್ಲದೆ, ಒಬ್ಬರ ಮುಖವನ್ನೊಬ್ಬರು ನೋಡದೆ, ಒಂದು ಚಿತ್ರದ ನೆಪದಲ್ಲಿ ಇಷ್ಟಾಯಿತು. ಇನ್ನು ಭಾಷೆ, ಮತ, ದೇಶಗಳಂಥ ಆಳವಾದ ಬೇರುಗಳಿರುವಲ್ಲಿ ಏನಾಗಬಹುದೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ತನ್ನದನ್ನು ಗೌರವಿಸುವುದಕ್ಕೆ ಇತರರನ್ನು ಕೀಳುಮಾಡುವುದು ಅನಿವಾರ್ಯವೇ? ಈ ಪ್ರಶ್ನೆಯನ್ನು ಬಹು ಹಿಂದೆಯೇ ಕೇಳಿ ಉತ್ತರ ಕೊಟ್ಟ ಒಂದು ಕಲ್ಲು, ಸಂಕೋಚದಿಂದ ಊರಿನ ಹೆಸರು ಹೇಳದಿದ್ದ ಆ ಹುಡುಗನ ನೆರೆಯ ತಾಲ್ಲೂಕಿನಲ್ಲಿಯೇ ದೊರೆತಿದೆ.

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದ ಮೇಲೆ ಸನ್ನತಿ ಎಂಬ ಗ್ರಾಮವಿದೆ. ಚಂದ್ರಲಾಂಬೆಯ ಕ್ಷೇತ್ರವೆಂದು ಅದು ಪ್ರಸಿದ್ಧ. ಅಲ್ಲಿಯ ಕಾಳಿಕಾ ಗುಡಿಯ ಮೇಲ್ಛಾವಣಿ ೧೯೮೬ರಲ್ಲಿ ಕುಸಿದುಬಿತ್ತು. ಅವಶೇಷಗಳನ್ನು ತೆಗೆಯುವಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಹಲಗೆಯ ಮೇಲೆ ಅಕ್ಷರಗಳು ಕಂಡವು. ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಆ ಬರಹವು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನವಾಗಿತ್ತು. ಎಷ್ಟೋ ಶತಮಾನಗಳ ಹಿಂದೆ, ಅದನ್ನು ಓದಬಲ್ಲವರು ಯಾರೂ ಉಳಿಯದಿದ್ದ ಕಾಲದಲ್ಲಿ, ವಿಗ್ರಹವನ್ನು ನಿಲ್ಲಿಸಲು ಆ ಹಲಗೆಯ ನಡುವೆ ಒಂದು ಕುಳಿಯನ್ನು ಕೊರೆದಿದ್ದರು. ಹಾಗೆ ಕೊರೆದಾಗ ಕೆಲವು ಅಕ್ಷರಗಳು ಅಳಿಸಿಹೋದವು. ಆದರೆ ಆ ಕುಳಿಯಿಂದಲೇ ಕಲ್ಲು ಪೀಠವಾಯಿತು, ಪೀಠವಾದ್ದರಿಂದಲೇ ಅದು ಯಾರ ಮನೆಯ ಗೋಡೆಗೂ ಸೇರದೆ ಉಳಿಯಿತು.

ಆ ಹಲಗೆಯ ಮೇಲಿರುವ ಶಾಸನಗಳಲ್ಲಿ ಒಂದು, ಅಶೋಕನ ಹನ್ನೆರಡನೆಯ ಬಂಡೆಶಾಸನದ ಪಾಠ. ಮತಗಳ ವಿಷಯದಲ್ಲಿ ಮನುಷ್ಯನು ನಾಲಗೆಯನ್ನು ಹಿಡಿತದಲ್ಲಿಡಬೇಕೆಂಬುದು ಅದರ ತಾತ್ಪರ್ಯ. ತನ್ನ ಪಂಥದ ಮೇಲಣ ಅಭಿಮಾನದಿಂದ ಅದನ್ನು ಹೊಗಳಿ ಪರಪಂಥವನ್ನು ಹಳಿಯುವವನು ಕೊನೆಗೆ ತನ್ನ ಪಂಥಕ್ಕೇ ಕೇಡು ತರುತ್ತಾನೆ ಎಂದು ಅಶೋಕನು ಜನರಿಗೆ ತಿಳಿಯಹೇಳಿದನು. ಬ್ರಿಸ್ಟಲಿನ ಬಾಲಕರು ತಮ್ಮವರಿಗೆ ನಷ್ಟವಾದರೂ ಇತರರು ಕೆಳಗಿರಲೆಂದು ಹಣ ಹಂಚಿದ್ದನ್ನು ನೆನೆದರೆ, ಈ ಮಾತು ಬರಿಯ ಉಪದೇಶವಲ್ಲ, ಮನುಷ್ಯಸ್ವಭಾವವನ್ನು ಅರಿತು ಆಡಿದುದು ಎಂದು ತಿಳಿಯುತ್ತದೆ.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ೧೯೯೪ರಿಂದ ಉತ್ಖನನ ನಡೆಸಿ ಒಂದು ಮಹಾಸ್ತೂಪವನ್ನು ಬೆಳಕಿಗೆ ತಂದರು. ಅಲ್ಲಿ ದೊರೆತ ಒಂದು ಶಿಲ್ಪದಲ್ಲಿ ಪರಿವಾರದೊಡನೆ ನಿಂತ ರಾಜನ ಆಕೃತಿಯಿದೆ; ಅದರ ಮೇಲೆ 'ರಾಯೋ ಅಸೋಕೋ' ಎಂದು ಬರೆದಿದೆ. ಹೀಗೆ ಹೆಸರನ್ನು ಕೆತ್ತಿರುವುದರಿಂದ ಅದು ಅಶೋಕನದೇ ಆಕೃತಿಯೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಚಿತ್ತಾಪುರದ ವಿದ್ಯಾರ್ಥಿಯು ಇತಿಹಾಸದ ಪುಸ್ತಕದಲ್ಲಿ ಅಶೋಕನನ್ನು ಪಾಟಲೀಪುತ್ರದ ಅರಸನೆಂದು ಓದುತ್ತಾನೆ. ಅವನ ಹೆಸರುಳ್ಳ ಶಿಲ್ಪವು ತನ್ನ ತಾಲ್ಲೂಕಿನ ಹೊಲಗಳ ನಡುವೆ ಇದ್ದಿತೆಂದು ತಿಳಿದಾಗ ದೇಶದ ಇತಿಹಾಸವೂ ಊರಿನ ಇತಿಹಾಸವೂ ಅವನಿಗೆ ಬೇರೆ ಬೇರೆಯಾಗಿ ಕಾಣವು.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬಂದರೆ ಕಾಗಿಣಾ ನದಿಯ ದಡದಲ್ಲಿ ಹಳೆಯ ಕೋಟೆಯೊಂದು ಕಾಣುತ್ತದೆ. ಊರಿನಲ್ಲಿ ಒಂದು ಪ್ರಾಚೀನ ಜೈನ ಬಸದಿಯಿದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ಸುಲೈಮಾನನೆಂಬ ಅರಬ್ ವರ್ತಕನ ಹೆಸರಿನಲ್ಲಿ ಉಳಿದುಬಂದಿರುವ ೮೫೧ರ ವೃತ್ತಾಂತವು, ಲೋಕದ ನಾಲ್ವರು ಮಹಾರಾಜರಲ್ಲಿ ರಾಷ್ಟ್ರಕೂಟ ಅರಸನನ್ನೂ ಒಬ್ಬನೆಂದು ಎಣಿಸುತ್ತದೆ. ಉಳಿದ ಮೂವರು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ ಮತ್ತು ರೋಮದ, ಎಂದರೆ ಕಾನ್‌ಸ್ಟಾಂಟಿನೋಪಲಿನ, ಅರಸ. ಮಹಾವೀರಾಚಾರ್ಯನು ಗಣಿತದ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದುದು ನೃಪತುಂಗನ ಕಾಲದಲ್ಲಿ. ಮುಂದಿನ ಶತಮಾನದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ಮಹಾಪುರಾಣವನ್ನು ರಚಿಸಿದುದು ಇದೇ ನಗರದಲ್ಲಿ. ಪೊನ್ನನು ಈ ವಂಶದ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಕನ್ನಡ ಕವಿ. ಅರಸನಿಗೆ ಕನ್ನಡ ಬೇಕಾಗಿದ್ದಿತೆಂದು ಇತರ ಭಾಷೆಗಳು ಆ ನಗರದಿಂದ ಹೊರಹೋಗಬೇಕಾಗಿರಲಿಲ್ಲ.

ಕನ್ನಡದಲ್ಲಿ ಇಂದು ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ 'ಕವಿರಾಜಮಾರ್ಗ'ವು ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಶ್ರೀವಿಜಯನು ಅದರ ಕರ್ತೃವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳುವ ಆ ಗ್ರಂಥವನ್ನು ಎಲ್ಲರೂ ಅಭಿಮಾನದಿಂದ ನೆನೆಯುತ್ತಾರೆ. ಅದರ ಇನ್ನೆರಡು ಮಾತುಗಳು ಅಷ್ಟಾಗಿ ಹುಡುಗರ ಕಿವಿಗೆ ಬೀಳುವುದಿಲ್ಲ. ಒಂದು, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲವನ ಬಳಿಯೇ ನಿಜವಾದ ಸಂಪತ್ತಿದೆಯೆಂಬ ಮಾತು. ಸನ್ನತಿಯ ಕಲ್ಲು ಆಗಲೇ ಸಾವಿರ ವರ್ಷ ಹಳೆಯದಾಗಿತ್ತು. ಅದನ್ನು ಓದದೆಯೇ ಕವಿ ಅದೇ ತೀರ್ಮಾನಕ್ಕೆ ಬಂದನು. ಇನ್ನೊಂದು ಮಾತು ಕನ್ನಡದ ಆಡುನುಡಿಗಳನ್ನು ಕುರಿತದ್ದು. ಕನ್ನಡವು ಸೀಮೆಯಿಂದ ಸೀಮೆಗೆ ಎಷ್ಟು ಬೇರೆಯಾಗುತ್ತದೆಂದರೆ, ಅದರಲ್ಲಿ ತಪ್ಪು ಹುಡುಕಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂದು ಆ ಕವಿ ಹೇಳಿದ್ದಾನೆ. ವಿದ್ಯಾರ್ಥಿನಿಲಯದಲ್ಲಿ 'ಸಾಲಿ' ಎಂಬ ಮಾತಿಗೆ ನಕ್ಕವರೂ, ನಗೆಗೆ ನಾಚಿದವನೂ ಇದನ್ನು ಓದಿರಲಿಲ್ಲವೆಂಬುದು ಸ್ಪಷ್ಟ.

ಇಲ್ಲಿ ಗಮನಿಸಬೇಕಾದ ಇನ್ನೂ ಒಂದು ಸೂಕ್ಷ್ಮವಿದೆ. ಕನ್ನಡದ ತಿರುಳು ಯಾವ ಸೀಮೆಯದೆಂದು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಪ್ರದೇಶವನ್ನು ಹೆಸರಿಸುತ್ತದೆ. ಅವು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆ. ಮಾನ್ಯಖೇಟವು ಅದರ ಹೊರಗೇ ಉಳಿಯುತ್ತದೆ. ರಾಜಧಾನಿಯ ನುಡಿಯೇ ಶ್ರೇಷ್ಠವೆಂದು ಬರೆದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಆದರೂ ಆ ಕವಿ ಹಾಗೆ ಬರೆಯಲಿಲ್ಲ.

೯೭೨ರಲ್ಲಿ ಮಾಳವದ ಪರಮಾರರು ಮಾನ್ಯಖೇಟವನ್ನು ಕೊಳ್ಳೆಹೊಡೆದರು. ಮರುವರ್ಷ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಆ ಬಳಿಕ ಈ ಸೀಮೆಯನ್ನು ಕಲ್ಯಾಣದ ಚಾಲುಕ್ಯರು, ಬಹಮನಿ ಸುಲ್ತಾನರು, ಮೊಗಲರು ಆಳಿದರು. ಹದಿನೆಂಟನೆಯ ಶತಮಾನದಲ್ಲಿ ಅದು ಹೈದರಾಬಾದಿನ ನಿಜಾಮರ ವಶವಾಯಿತು.

ನಿಜಾಮರ ರಾಜ್ಯದಲ್ಲಿ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಪ್ರಜೆಗಳೇ ಬಹುಸಂಖ್ಯಾತರು. ಆದರೆ ಆಡಳಿತದ ಭಾಷೆ ಮೊದಲು ಫಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಕಲಿಸಿತು. ಇಂಗ್ಲಿಷ್ ಅಲ್ಲದ ಒಂದು ದೇಶಭಾಷೆಯಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟುದು ದೊಡ್ಡ ಸಾಹಸವೇ ಸರಿ, ಅದನ್ನು ಮೆಚ್ಚಲೇಬೇಕು. ಆದರೆ ಚಿಂಚೋಳಿಯ ಅಥವಾ ಸೇಡಮಿನ ರೈತನ ಮಗನಿಗೆ ಆ ಸಾಹಸವು ಇನ್ನೊಂದು ಗೋಡೆಯಾಯಿತು. ಅವನು ಮೇಲಿನ ತರಗತಿಗಳಿಗೆ ಏರಬೇಕಾದರೆ ಮನೆಯ ಮಾತನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕಾಗಿತ್ತು. ಕನ್ನಡವು ಅಡುಗೆಮನೆಗೆ, ಹೊಲಕ್ಕೆ, ಭಜನೆಗೆ ಸಾಕು. ಕಚೇರಿಗೂ ಕಾಲೇಜಿಗೂ ಅಲ್ಲ ಎಂದು ಬಾಲ್ಯದಲ್ಲಿಯೇ ಅವನ ಮನಸ್ಸಿಗೆ ನಾಟುತ್ತಿತ್ತು.

ಇದನ್ನು ಕಂಡು ಮರುಗಿದ ಮಹನೀಯರು ಸುಮ್ಮನೆ ಕೂರಲಿಲ್ಲ. ಕಲಬುರಗಿಯಲ್ಲಿ ೧೯೦೭ರಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಶ್ರಮದಿಂದ ಹಮ್‌ದರ್ದ್ ಶಾಲೆ ತಲೆಯೆತ್ತಿತು. ೧೯೨೮ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ಸೇರಿ ಬಿ.ಎಂ. ಶ್ರೀಕಂಠಯ್ಯನವರು ಅಧ್ಯಕ್ಷರಾದರು.

ಹತ್ತು ವರ್ಷಗಳ ತರುವಾಯ, ೧೯೩೮ರ ಕೊನೆಯ ತಿಂಗಳುಗಳಲ್ಲಿ, ಈ ರಾಜ್ಯದ ತರುಣರು ತಮ್ಮ ಜೀವನದ ಮೊದಲ ದೊಡ್ಡ ತೀರ್ಮಾನವನ್ನು ಮಾಡಬೇಕಾಗಿ ಬಂದಿತು. ವಿದ್ಯಾರ್ಥಿನಿಲಯಗಳ ಪ್ರಾರ್ಥನೆಯಲ್ಲಿ ಕೆಲವರು 'ವಂದೇ ಮಾತರಂ' ಹಾಡುತ್ತಿದ್ದರು. ಅದನ್ನು ಹಾಡಕೂಡದೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ತಪ್ಪೊಪ್ಪಿಕೊಂಡು, ಇನ್ನು ಹಾಡುವುದಿಲ್ಲವೆಂದರೆ ಓದು ಮುಂದುವರಿಯುತ್ತಿತ್ತು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಉಸ್ಮಾನಿಯಾದ ನಿಲಯಗಳಿಂದ ನೂರಾರು ಮಂದಿ ಹೊರಬಿದ್ದರು. ಚಳವಳಿಯು ಔರಂಗಾಬಾದ್, ವರಂಗಲ್ ಮುಂತಾದ ಊರುಗಳಿಗೆ ಹಬ್ಬಿತು. ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿನ ವಿದ್ಯಾರ್ಥಿಗಳೂ ತರಗತಿಗಳನ್ನು ಬಿಟ್ಟು ಬಂದರು.

ಅವರ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಬಹುಪಾಲು ಹುಡುಗರಿಗೆ ಹದಿನೇಳು ಹದಿನೆಂಟರ ವಯಸ್ಸು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರಲ್ಲಿ ಎಷ್ಟೋ ಮಂದಿ. ಹೊಲ ಅಡವಿಟ್ಟು ಹಣ ಕಳಿಸಿದ ತಂದೆಗೆ ಏನು ಹೇಳುವುದು? ಸರ್ಕಾರದ ಕೋಪಕ್ಕೆ ಗುರಿಯಾದವನಿಗೆ ಮುಂದೆ ನೌಕರಿ ಕೊಡುವವರಾರು? ರಾಜ್ಯದೊಳಗಿನ ಬೇರೆ ಕಾಲೇಜುಗಳ ಬಾಗಿಲೂ ಅವರಿಗೆ ಮುಚ್ಚಿತು. ಕೊನೆಗೆ ಗಡಿಯಾಚೆಯ ನಾಗಪುರ ವಿಶ್ವವಿದ್ಯಾಲಯವು ಅವರನ್ನು ಸೇರಿಸಿಕೊಳ್ಳಲು ಮುಂದೆ ಬಂದಿತು. ಕುಲಪತಿ ಕೇದಾರರ ಉದಾರತೆಯಿಂದ ಅನೇಕರ ಓದು ಉಳಿಯಿತು. ಕೆಲವರ ಓದು ಅಲ್ಲಿಗೇ ನಿಂತಿತು. ಹಾಗೆ ನಾಗಪುರಕ್ಕೆ ಹೋದವರಲ್ಲಿ ವರಂಗಲ್ಲಿನ ಹದಿನೇಳರ ತರುಣರೊಬ್ಬರಿದ್ದರು. ಅವರೇ ಮುಂದೆ ೧೯೯೧ರಿಂದ ೧೯೯೬ರವರೆಗೆ ಭಾರತದ ಪ್ರಧಾನಮಂತ್ರಿಯಾಗಿದ್ದ ಪಿ.ವಿ. ನರಸಿಂಹರಾವ್. ಅವರು ಉರ್ದುವನ್ನು ದ್ವೇಷಿಸಲಿಲ್ಲ. ತಾವು ಬಲ್ಲ ಹಲವು ಭಾಷೆಗಳಲ್ಲಿ ಅದನ್ನೂ ಕೊನೆಯವರೆಗೆ ಉಳಿಸಿಕೊಂಡಿದ್ದರು. ಅವರು ವಿರೋಧಿಸಿದ್ದು ಒಂದು ಆಜ್ಞೆಯನ್ನು, ಒಂದು ಭಾಷೆಯನ್ನಲ್ಲ.

೧೯೪೭ರ ಆಗಸ್ಟ್ ೧೫ರಂದು ನೆರೆಯ ಸೊಲ್ಲಾಪುರ, ವಿಜಾಪುರಗಳಲ್ಲಿ ತ್ರಿವರ್ಣಧ್ವಜ ಹಾರಿತು. ಶಹಾಬಾದಿನಲ್ಲಿ, ಚಿತ್ತಾಪುರದಲ್ಲಿ ಆ ಸಂಭ್ರಮಕ್ಕೆ ಅವಕಾಶವಿರಲಿಲ್ಲ. ನಿಜಾಮರು ಭಾರತವನ್ನು ಸೇರಲು ಒಪ್ಪಿರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಆ ದಿನವೇ ಬಂಧಿತರಾದರು. ಸನ್ಯಾಸವನ್ನು ಸ್ವೀಕರಿಸಿದ್ದ ಅವರು ಹಲವು ವರ್ಷ ಶಾಲೆಯ ಉಪಾಧ್ಯಾಯರಾಗಿದ್ದವರು; ಅವರ ಅನುಯಾಯಿಗಳಲ್ಲಿ ಹಳೆಯ ವಿದ್ಯಾರ್ಥಿಗಳೂ ಇದ್ದರು. ಮುಂದಿನ ಹದಿಮೂರು ತಿಂಗಳು ಈ ಸೀಮೆಯ ಹಳ್ಳಿಗಳು ರಜಾಕಾರರ ಹಾವಳಿಗೆ ಸಿಕ್ಕಿದವು. ತರುಣರು ಗಡಿ ದಾಟಿ ಶಿಬಿರಗಳನ್ನು ಸೇರಿದರು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಶರಣಾದರು. ಕಲಬುರಗಿ ಸೀಮೆಯ ಶಾಲಾಮಕ್ಕಳು ಇಂದಿಗೂ ಆಗಸ್ಟ್ ೧೫ರಂದು ಒಮ್ಮೆ, ಸೆಪ್ಟೆಂಬರ್ ೧೭ರಂದು ಇನ್ನೊಮ್ಮೆ ಧ್ವಜಕ್ಕೆ ವಂದಿಸುವುದರ ಹಿನ್ನೆಲೆ ಇದು.

ಈ ಹೋರಾಟವನ್ನು ಎರಡು ಮತಗಳ ಕಾದಾಟವೆಂದು ತಿಳಿಯುವುದು ತಪ್ಪು. ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದ ಶೋಯಬುಲ್ಲಾ ಖಾನರು, ಹೈದರಾಬಾದ್ ರಾಜ್ಯವು ಭಾರತವನ್ನು ಸೇರಬೇಕೆಂದು ಧೈರ್ಯದಿಂದ ಬರೆದರು. ೧೯೪೮ರ ಆಗಸ್ಟ್ ತಿಂಗಳ ಒಂದು ರಾತ್ರಿ ಮನೆಗೆ ಹಿಂದಿರುಗುತ್ತಿದ್ದಾಗ ಅವರನ್ನು ಕೊಲೆಮಾಡಲಾಯಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಇನ್ನೊಂದು ಕಹಿಸಂಗತಿಯನ್ನೂ ಮರೆಮಾಚಬಾರದು. ವಿಮೋಚನೆಯಾದ ಬಳಿಕ ಹಲವು ಹಳ್ಳಿಗಳಲ್ಲಿ ನಿರಪರಾಧಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಬಂದ ತಂಡವು ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು. ಅವುಗಳಲ್ಲಿ ಕಲಬುರಗಿಯೂ ಬೀದರವೂ ಇದ್ದವು. ಅಪಮಾನಕ್ಕೊಳಗಾದ ಅಭಿಮಾನವು ಗೆದ್ದ ಗಳಿಗೆಯಲ್ಲಿ ಎಷ್ಟು ಬೇಗ ದಾರಿ ತಪ್ಪುತ್ತದೆಂಬುದಕ್ಕೆ ಬ್ರಿಸ್ಟಲಿನವರೆಗೆ ಹೋಗಬೇಕಾಗಿಲ್ಲ.

೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯವು ಮೂರಾಗಿ ಹಂಚಿಹೋಗಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಹೀಗೆ ಸೇಡಮಿನಿಂದ ಹೊರಟ ರೈಲು ತಾಂಡೂರನ್ನು ಸೇರುವಷ್ಟರಲ್ಲಿ ರಾಜ್ಯವೇ ಬೇರೆಯಾಗತೊಡಗಿತು. ಆದರೆ ಸಂತೆ, ಜಾತ್ರೆ, ಮದುವೆಯ ಸಂಬಂಧಗಳು ಭೂಪಟದ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊಸ ರಾಜ್ಯದಲ್ಲಿ ಈ ಸೀಮೆಗೆ ಅಂಟಿಕೊಂಡ ವಿಶೇಷಣವೆಂದರೆ 'ಹಿಂದುಳಿದ' ಎಂಬುದು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಸಮಿತಿಯು ಅಳೆದುದು ನೀರಾವರಿಯನ್ನು, ರಸ್ತೆಯನ್ನು, ಶಾಲೆ ಆಸ್ಪತ್ರೆಗಳನ್ನು. ಎಷ್ಟು ಹಣ ಎಲ್ಲಿ ತಲುಪಲಿಲ್ಲವೆಂಬುದರ ಲೆಕ್ಕ ಅದು. ಆದರೆ ಲೆಕ್ಕದ ಪುಸ್ತಕದಿಂದ ಹೊರಬಿದ್ದ ಶಬ್ದವು ಊರೂರು ಸುತ್ತಿ, ಕೊನೆಗೆ ತರಗತಿಯ ಬೆಂಚಿನ ಮೇಲೆ ಕುಳಿತ ಹುಡುಗಿಯ ಹಣೆಗೆ ಬಂದು ಅಂಟುತ್ತದೆ. ತನ್ನ ತಾಲ್ಲೂಕು ಹಿಂದುಳಿದುದು ಎಂಬುದನ್ನು ಅವಳು ತಾನೇ ಹಿಂದುಳಿದವಳು ಎಂದು ಓದಿಕೊಳ್ಳುತ್ತಾಳೆ. ಶಿಕ್ಷಕರು ಬಿಡಿಸಿ ಹೇಳದಿದ್ದರೆ ಈ ವ್ಯತ್ಯಾಸವು ಹದಿನಾಲ್ಕರ ವಯಸ್ಸಿಗೆ ತಾನಾಗಿ ಹೊಳೆಯುವಂಥದಲ್ಲ.

ಆ ಕೊರತೆಯನ್ನು ಹಕ್ಕಿನ ಮಾತಾಗ ಎತ್ತಿದವರೂ ಈ ನೆಲದವರೇ. ಚಿಂಚೋಳಿಯನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ವೈಜನಾಥ ಪಾಟೀಲರು ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ದೀರ್ಘಕಾಲ ಹೋರಾಡಿದರು. ಸಂಸತ್ತು ೨೦೧೨ರ ಡಿಸೆಂಬರಿನಲ್ಲಿ ಸಂವಿಧಾನಕ್ಕೆ ತಿದ್ದುಪಡಿಯನ್ನು ಅಂಗೀಕರಿಸಿತು. ಹೀಗೆ ಬಂದ ೩೭೧ (ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲಾತಿಗೆ ಅವಕಾಶ ಕೊಟ್ಟಿತು. ೨೦೧೯ರ ಸೆಪ್ಟೆಂಬರ್ ೧೭ರಂದು 'ಹೈದರಾಬಾದ್ ಕರ್ನಾಟಕ'ವೆಂಬ ಹೆಸರು ಹೋಗಿ 'ಕಲ್ಯಾಣ ಕರ್ನಾಟಕ'ವೆಂಬ ಹೆಸರು ಬಂದಿತು. ಹೆಸರು ಬದಲಾಗುವುದು ಒಂದು ದಿನದ ಕೆಲಸ. ೧೯೬೮ರಲ್ಲಿಯೂ ೧೯೮೯ರಲ್ಲಿಯೂ ರಾಜ್ಯದ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಚಿಂಚೋಳಿಯವರೆಂಬುದನ್ನು ಇಲ್ಲಿ ನೆನೆಯಬಹುದು. ವಂದೇ ಮಾತರಂ ಚಳವಳಿಯ ವರ್ಷ ಅವರು ಹದಿನಾಲ್ಕರ ಬಾಲಕ.

ಚಿಂಚೋಳಿಯ ತಾಂಡಾದಿಂದ ಶಾಲೆಗೆ ಬರುವ ಲಂಬಾಣಿ ಹುಡುಗಿಯು ಮನೆಯಲ್ಲಿ ಗೋರಬೋಲಿ ಆಡುತ್ತಾಳೆ. ಶಾಲೆಯಲ್ಲಿ ಕನ್ನಡ ಓದುತ್ತಾಳೆ. ಸಂತೆಯಲ್ಲಿ ತೆಲುಗು ಕೇಳಿ ತಿಳಿಯುತ್ತಾಳೆ. ಅಂಗಡಿಯವನೊಡನೆ ದಖನಿಯಲ್ಲಿ ಚೌಕಾಸಿ ಮಾಡುತ್ತಾಳೆ. ನಾಲ್ಕು ಭಾಷೆ ಬಲ್ಲ ಆ ಹುಡುಗಿಗೆ ಪಟ್ಟಣದಲ್ಲಿ ಯಾರಾದರೂ, "ನಿನಗೆ ಸರಿಯಾಗಿ ಒಂದು ಭಾಷೆಯೂ ಬಾರದು" ಎಂದರೆ ಅವಳು ಅದನ್ನು ನಂಬಿಬಿಡುವ ಸಂಭವವೇ ಹೆಚ್ಚು. ಇನ್ನು 'ಖರೇ', 'ಜಲ್ದಿ' ಎಂಬ ಮಾತುಗಳಿಗಾಗಿ ಕಲಬುರಗಿಯ ಕನ್ನಡವನ್ನು ಕಲಬೆರಕೆಯೆಂದು ನಗುವವರೂ ಪ್ರತಿದಿನ ಅರ್ಜಿ, ಕಾಗದ, ಜಮೀನು, ತಹಶೀಲ್ದಾರ ಎನ್ನುತ್ತಲೇ ಇರುತ್ತಾರೆ. ಅವು ಬಂದುದೂ ಅದೇ ಫಾರಸಿ, ಅರಬ್ಬಿ, ಉರ್ದುಗಳಿಂದ.

ಈ ನೆಲದ ಅಡಿಯಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುವ ಅವುಗಳನ್ನು ಸುತ್ತಿಗೆ, ಉಳಿ, ಹಾರೆಗಳಿಂದ ಬಿಡಿಸಿದರೆ ಚಪ್ಪಟೆಯಾದ ಹಾಸುಗಲ್ಲು ಸಿಗುತ್ತದೆ. ಅದೇ ದೇಶದಲ್ಲೆಲ್ಲ ಪ್ರಸಿದ್ಧವಾದ ಶಹಾಬಾದ್ ಕಲ್ಲು, ಆಡುಮಾತಿನಲ್ಲಿ ಫರಸಿ. ರೈಲುಮಾರ್ಗ ಬಂದ ಮೇಲೆ ಅದು ದೂರದೂರದ ನಗರಗಳಿಗೆ ಹೋಯಿತು. ಅದೇ ಸುಣ್ಣಕಲ್ಲನ್ನು ಸುಟ್ಟು ಅರೆದು ಸಿಮೆಂಟು ಮಾಡುವ ಕಾರ್ಖಾನೆಗಳು ಶಹಾಬಾದಿನಲ್ಲಿ, ೧೯೬೮ರಲ್ಲಿ ವಾಡಿಯಲ್ಲಿ, ಬಳಿಕ ಮಳಖೇಡದ ಬಳಿ ಎದ್ದವು. ಅಂದಿನಿಂದ ಧೂಳೂ ಬಂದಿತು. ಕಲ್ಲುಗಣಿಯ ಬಿಸಿಲಿನಲ್ಲಿ ದುಡಿಯುವವರ ಬದುಕು ಹಗುರವಾಗಿಲ್ಲ. ಮೇಲ್ಮಣ್ಣಿನಲ್ಲಿ ಬೆಳೆಯುವ ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಂಗಳೂರಿನ ಸಾರಿನ ಪಾತ್ರೆಯಲ್ಲಿ ಬೇಯುವ ಬೇಳೆ ಎಲ್ಲಿಯದೆಂದು ಕೇಳುವವರು ಕಡಿಮೆ.

ಸೇಡಮಿನ ಆ ಹುಡುಗನಿಗೆ ಇವೆಲ್ಲವೂ ಒಂದೇ ದಿನ ತಿಳಿಯಲಿಲ್ಲ. ದಸರಾ ರಜೆಗೆ ಊರಿಗೆ ಬಂದಾಗ ಅವನು ಮಳಖೇಡದ ಕೋಟೆಯನ್ನು ಹತ್ತಿ ನೋಡಿದನು. ಹತ್ತಿರವೇ ಇದ್ದರೂ ಅಲ್ಲಿಯವರೆಗೆ ನೋಡಿರಲಿಲ್ಲ. ವಂದೇ ಮಾತರಂ ಚಳವಳಿಯ ಕಥೆಯನ್ನು ಊರಿನ ಹಿರಿಯರಿಂದ ಕೇಳಿದನು. ತನ್ನ ವಯಸ್ಸಿನವರೇ ಕಾಲೇಜು ಬಿಟ್ಟು ನಾಗಪುರಕ್ಕೆ ಹೋದರೆಂಬುದನ್ನು ಮೊದಲು ಅವನು ನಂಬಲಿಲ್ಲ.

ರಜೆ ಮುಗಿಸಿ ಹಿಂದಿರುಗಿದ ಮೇಲೆ ಒಂದು ಸಂಜೆ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಹುಡುಗರು ಸಾಲಾಗಿ ನೆಲದ ಮೇಲೆ ಕುಳಿತಿದ್ದರು. ಹೊಸದಾಗಿ ಸೇರಿದ್ದ ಚಾಮರಾಜನಗರದ ಒಬ್ಬ ಹುಡುಗನು ಮೆಲ್ಲಗೆ ಮಾತನಾಡುತ್ತಿದ್ದನು. ಅವನ ಮಾತಿನ ಧಾಟಿಗೆ ಯಾರೋ ನಕ್ಕರು. ಸೇಡಮಿನ ಹುಡುಗನು ನಗಲಿಲ್ಲ. ಸ್ವಲ್ಪ ಸರಿದು ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ನಿಮ್ಮ ಊರು ಯಾವುದು?" ಎಂದು ಕೇಳಿದನು. ಅವನು ತನ್ನ ಹಳ್ಳಿಯ ಹೆಸರು ಹೇಳಿ, "ನಿಮ್ಮದು?" ಎಂದನು.

"ನಮ್ಮದು ಸೇಡಂರಿ. ಈಗ ನಾವು ಕುಂತೀವಲ್ಲ, ಈ ಫರಸಿ, ಇದು ನಮ್ಮ ಕಡೀದು" ಎಂದು ಅವನು ನೆಲವನ್ನು ಬೆರಳಿನಿಂದ ತಟ್ಟಿ ತೋರಿಸಿದನು.